ಬಂಡೆಯನ್ನು ಓದುವ ಪಾಠ

ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಪುಸ್ತಕದೊಳಗಿನ ಪಾಠಕ್ಕಿಂತ ನೆಲದ ಮೇಲಿರುವ ಪಾಠವೊಂದನ್ನು ಬರೆಯುವುದು ಲೇಸೆಂದು ತೋರಿತು.

ದಢೇಸುಗೂರಿನ ಕಡೆಯಿಂದ ಬರುವ ಹುಡುಗಿಯರನ್ನು ನಾನು ಪ್ರತಿ ವರುಷವೂ ಒಂದು ಪ್ರಶ್ನೆ ಕೇಳುವುದುಂಟು: “ನಿಮ್ಮ ಸೀಮೆಯಲ್ಲಿ ನೋಡತಕ್ಕ ವಸ್ತು ಏನಿದೆ?” ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, “ಏನೂ ಇಲ್ಲ ಟೀಚರ್; ಗದ್ದೆ, ಕಾಲುವೆ, ಹೊಳೆ, ಅಷ್ಟೆ” ಎನ್ನುವರು. ಅವರ ಮಾತು ಸುಳ್ಳಲ್ಲ. ಸಿಂಧನೂರಿನಿಂದ ಸಿರುಗುಪ್ಪೆಗೆ ಹೋಗುವ ದಾರಿಯಲ್ಲಿ ತುಂಗಭದ್ರೆಯ ದಡದಲ್ಲಿರುವ ಆ ಊರಿನಿಂದ ನೋಡಿದರೆ ಕಣ್ಣಳತೆಯವರೆಗೂ ನೆಲ ಹಾಸಿದಂತಿದೆ. ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ಅದು ಭತ್ತದ ಸೀಮೆಯೇ ಆಗಿಹೋಯಿತು. ಭತ್ತದ ನಡುವೆ ಬೆಳೆದ ಮಗುವಿಗೆ ಬೆಟ್ಟವೆಂದರೆ ಮಡಿಕೇರಿ, ಬಂಡೆಯೆಂದರೆ ಹಂಪೆ. ಬಸ್ಸಿನಲ್ಲಿ ಬಹಳ ಹೊತ್ತು ಕೂರದೆ ಮುಟ್ಟಬಹುದಾದ ಮಸ್ಕಿಯ ಗುಡ್ಡವನ್ನು ಅವರಲ್ಲಿ ಬಹುಮಂದಿ ಕಿಟಕಿಯಿಂದ ಮಾತ್ರ ಕಂಡವರು.

ಇದಕ್ಕೆ ಕಾರಣಳಾದವರಲ್ಲಿ ನಾನೂ ಒಬ್ಬಳೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹಲವು ವರುಷಗಳ ಹಿಂದೆ, ನಾನು ಇನ್ನೂ ಸಹಾಯಕ ಶಿಕ್ಷಕಿಯಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯರನ್ನು ಮಸ್ಕಿಗೆ ಕರೆದೊಯ್ದೆನು. ಮಾರ್ಚಿ ತಿಂಗಳು, ಹೊರಟದ್ದೇ ತಡವಾಗಿ, ಗುಡ್ಡದ ಬುಡವನ್ನು ಸೇರುವಾಗ ಹನ್ನೊಂದು ಗಂಟೆ ಮೀರಿತ್ತು. ಎಲ್ಲರಿಗೂ ಸೇರಿ ಒಂದೇ ಕ್ಯಾನು ನೀರು. ಇಳಿಯುವಾಗ ಒಬ್ಬ ಹುಡುಗಿ ಬಿಸಿಲಿನ ತಾಪಕ್ಕೆ ತಲೆತಿರುಗಿ ಬಿದ್ದಳು. ಕೆಳಗಿನ ಮನೆಯೊಂದರ ತಾಯಿಯೊಬ್ಬಳು ನೆರಳಿನಲ್ಲಿ ಮಲಗಿಸಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಆದರೆ ಸುದ್ದಿ ನಮಗಿಂತ ಮೊದಲೇ ಊರು ಸೇರಿತು. ಮುಂದಿನ ವರುಷಗಳಲ್ಲಿ ಒಪ್ಪಿಗೆಯ ಪತ್ರಗಳು ಸಹಿಯಿಲ್ಲದೆ ಹಿಂದಿರುಗಿದುವು. “ಹೆಣ್ಣುಮಕ್ಕಳಿಗೆ ಗುಡ್ಡವೇಕೆ?” ಎಂದು ತಂದೆಯೊಬ್ಬರು ಬರೆದಿದ್ದರು. ಅದೇ ಮನೆಯ ಗಂಡುಮಕ್ಕಳು ಅದೇ ಗುಡ್ಡಕ್ಕೆ ಹೋಗಿ ಬರುತ್ತಿದ್ದರು.

ಆ ತಂದೆಗೆ ಅಂದು ಕೊಡಲಾರದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ತಪ್ಪಿದ್ದು ಶಿಕ್ಷಕಿಯ ಗಡಿಯಾರದಲ್ಲಿ, ಹುಡುಗಿಯ ಕಾಲಿನಲ್ಲಲ್ಲ. ತಪ್ಪನ್ನು ತಿದ್ದಬೇಕೇ ಹೊರತು ಪಾಠವನ್ನೇ ನಿಲ್ಲಿಸಬಾರದು. ಆ ಪಾಠವೇನೆಂಬುದನ್ನು ಕ್ರಮವಾಗಿ ಹೇಳುವೆನು.

1. ಬಂಡೆಗಳು ಉರುಟಾದ ಬಗೆ

ನಮ್ಮ ಸೀಮೆಯ ಗುಡ್ಡಗಳಲ್ಲಿ ಆನೆಯಂಥ, ಮೊಟ್ಟೆಯಂಥ, ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು ಕಾಣುತ್ತವೆ. ಇವು ಉರುಳಿಬಂದವೆಂದು ಕೆಲವರು, ವಾನರರು ಎಸೆದರೆಂದು ಕೆಲವರು ಹೇಳುವರು. ಕಥೆಯ ಸೊಗಸು ಕಥೆಗಿರಲಿ. ಬಂಡೆಯು ತನ್ನ ಕಥೆಯನ್ನು ತಾನೇ ಹೇಳುತ್ತದೆ.

ಈ ಕಲ್ಲುಗಳಲ್ಲಿ ಬಹುಪಾಲು ಗ್ರಾನೈಟು ಜಾತಿಯವು. ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದದ್ದೇ ಗ್ರಾನೈಟು. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರು ಉದ್ದಕ್ಕೆ, ಹಂಪೆ ಕೊಪ್ಪಳಗಳ ಸೀಮೆಯನ್ನು ದಾಟಿ, ಇಂಥ ಕಲ್ಲಿನ ಪಟ್ಟಿಯೊಂದು ಹಬ್ಬಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟೆಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರುಷ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಹಸುರುಗಪ್ಪು ಶಿಲೆಗಳ ಪಟ್ಟಿಯು ಇನ್ನೂ ಹಳೆಯದು. ಹಟ್ಟಿಯ ಚಿನ್ನವು ದೊರೆಯುವುದು ಆ ಪಟ್ಟಿಯಲ್ಲಿಯೇ. ಅಲ್ಲಿ ಸುಮಾರು 2000 ವರುಷಗಳ ಹಿಂದೆಯೇ ನಮ್ಮ ಪೂರ್ವಿಕರು ಆಳವಾದ ಗಣಿಗಳನ್ನು ತೋಡಿದ್ದರು.

ಗಟ್ಟಿಯಾದ ಗ್ರಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಉಂಟಾಗುತ್ತವೆ. ಇದರಿಂದ ಬಂಡೆಯು ನೆಲದೊಳಗೇ ದೊಡ್ಡ ಚೌಕ ತುಂಡುಗಳಾಗಿ ನಿಲ್ಲುತ್ತದೆ. ಬಿರುಕಿನೊಳಗೆ ನೀರು ಇಳಿದು ಕಲ್ಲನ್ನು ಶಿಥಿಲಗೊಳಿಸುತ್ತದೆ. ಚೌಕ ತುಂಡು ಗುಂಡಾಗುವುದು ಹೇಗೆ? ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಚೌಕವಾದ ಬೆಲ್ಲದ ತುಂಡೊಂದನ್ನು ನೀರಿನಲ್ಲಿಟ್ಟು ನೋಡಿರಿ. ಮೊದಲು ಮೂಲೆಗಳು ಕರಗುತ್ತವೆ, ಆಮೇಲೆ ಅಂಚುಗಳು, ಕಡೆಗೆ ಮುಖಗಳು. ಮೂಲೆಯನ್ನು ನೀರು ಮೂರು ಕಡೆಯಿಂದ ಮುಟ್ಟುತ್ತದೆ, ಅಂಚನ್ನು ಎರಡು ಕಡೆಯಿಂದ, ಮುಖವನ್ನು ಒಂದೇ ಕಡೆಯಿಂದ. ಆದಕಾರಣ ಬೆಲ್ಲವು ಉಂಡೆಯಾಗುತ್ತದೆ. ಬಂಡೆಗೂ ಇದೇ ನ್ಯಾಯ. ಬೆಲ್ಲಕ್ಕೆ ಸಾಕಾಗುವ ಗಳಿಗೆಗೆ ಬದಲಾಗಿ ಬಂಡೆಗೆ ಲಕ್ಷಗಟ್ಟಲೆ ವರುಷಗಳು ಬೇಕು. ಬಳಿಕ ಮಳೆಯು ಸುತ್ತಲಿನ ಸಡಿಲ ಮಣ್ಣನ್ನು ತೊಳೆದೊಯ್ಯಲು, ಒಳಗಿನ ಗಟ್ಟಿ ಗುಂಡುಗಳು ಇದ್ದಲ್ಲಿಯೇ ಹೊರಗೆ ಕಾಣಿಸಿಕೊಳ್ಳುತ್ತವೆ. ಅವು ಎಲ್ಲಿಂದಲೂ ಬಂದವಲ್ಲ. ಅವುಗಳ ಸುತ್ತಲಿದ್ದುದು ಹೋಯಿತು.

ಗ್ರಾನೈಟಿನ ತುಣುಕನ್ನು ಕೈಯಲ್ಲಿ ಹಿಡಿದರೆ ಮೂರು ಬಗೆಯ ಹರಳುಗಳು ಕಾಣುವುವು: ಗಾಜಿನಂಥ ಬೆಣಚು, ಬಿಳುಪು ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರು, ಮಿನುಗುವ ಕಾಗೆಬಂಗಾರ. ಫೆಲ್ಡ್‌ಸ್ಪಾರು ಕೊಳೆತು ಜೇಡಿಯಾಗುತ್ತದೆ. ಬೆಣಚು ಕರಗದೆ ಮರಳಾಗಿ ಹೊಳೆಗೆ ಸೇರುತ್ತದೆ. ದಢೇಸುಗೂರಿನ ಹೊಳೆಯ ದಂಡೆಯಲ್ಲಿ ಆಡುವ ಮಗುವಿನ ಅಂಗೈಗೆ ಅಂಟಿದ ಬಿಳಿಯ ಮರಳು ಇಂಥ ಶಿಲೆಗಳ ಪುಡಿಯೇ. “ನಮ್ಮೂರಲ್ಲಿ ಬೆಟ್ಟವಿಲ್ಲ” ಎಂಬ ಮಗುವಿನ ಕೈಯಲ್ಲಿ ಬೆಟ್ಟವಿದೆ.

2. ಮಸ್ಕಿಯ ಬಂಡೆ

ಸಹಿಯಿಲ್ಲದ ಪತ್ರಗಳ ಕಾಲವು ಕಳೆದು, ಒಂದು ಡಿಸೆಂಬರಿನಲ್ಲಿ ಮತ್ತೆ ಮಸ್ಕಿಗೆ ಹೊರಟೆವು. ಈ ಸಾರಿ ತಾಯಂದಿರನ್ನೂ ಕರೆದೆನು. 22 ಹುಡುಗಿಯರು, ಮೂವರು ತಾಯಂದಿರು. ಅವರಲ್ಲೊಬ್ಬಾಕೆ ಕಲ್ಲು ಒಡೆಯುವವರ ಮನೆಯ ಮಗಳು, ಅಂಥವರ ಮನೆಯ ಸೊಸೆ, ಅಕ್ಷರ ಬಾರದವಳು. ಗುಡ್ಡವನ್ನು ಏರುವಾಗ ಆಕೆ ಒಂದು ಬಂಡೆಯ ಮೇಲೆ ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿ, “ಇದರ ಮ್ಯಾಗಿನ ಪದರ ಬಿಟ್ಟದ ಅಕ್ಕೋರ, ಕಾಲಿಡಬ್ಯಾಡ್ರಿ” ಎಂದಳು. ಹೆಜ್ಜೆಯಿಡದೆ ಬಗ್ಗಿ ನೋಡಿದೆವು. ಈರುಳ್ಳಿಯ ಸಿಪ್ಪೆಯಂತೆ ಬಂಡೆಯ ಪದರವೊಂದು ಬಿಟ್ಟುಕೊಂಡಿತ್ತು. ಹಗಲಿನ ಕಾವು, ರಾತ್ರಿಯ ತಂಪು, ಬಿರುಕಿಗಿಳಿಯುವ ನೀರು, ಮೇಲಿನ ಭಾರವು ತೊಲಗಿದಾಗ ಬಂಡೆಯು ಹಿಗ್ಗುವುದು, ಇವೆಲ್ಲವೂ ಸೇರಿ ಗ್ರಾನೈಟು ಹೀಗೆ ಪದರಪದರವಾಗಿ ಬಿಡುತ್ತದೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಆಕೆ ಕಿವಿಯಿಂದ ಓದಿದಳು. ಅಂದು ಬಂಡೆಯ ಪಾಠಕ್ಕೆ ಆಕೆಯೇ ಗುರು.

ಮಸ್ಕಿಯ ಗುಡ್ಡದ ಬಂಡೆಗಳ ಆಸರೆಯಲ್ಲಿ 8 ಸಾಲುಗಳ ಒಂದು ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿ.ಪೂ. 3ನೆಯ ಶತಮಾನ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು ಇದನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರುಷ ಇದನ್ನು ಓದಿ ಪ್ರಕಟಿಸಿದರು.

ಈ 8 ಸಾಲುಗಳ ಮಹತ್ತ್ವವೇನೆಂದರೆ: ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ ಮೇಲೆ, ನಾಡಿನ ನಾನಾ ಕಡೆಗಳ ಬಂಡೆ ಕಂಬಗಳಲ್ಲಿ “ದೇವಾನಾಂಪ್ರಿಯ”, “ಪ್ರಿಯದರ್ಶಿ” ಎಂಬ ಬಿರುದುಗಳುಳ್ಳ ಅರಸನ ಮಾತುಗಳು ದೊರೆತುವು. ಅವನು ಅಶೋಕನೇ ಇರಬೇಕೆಂದು ಸಿಂಹಳದ ಇತಿಹಾಸ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಊಹಿಸಿದ್ದರು. ಆದರೆ ಅಲ್ಲಿಯವರೆಗೆ ದೊರೆತಿದ್ದ ಆ ಅರಸನ ಯಾವ ಶಾಸನದಲ್ಲಿಯೂ ಅಶೋಕನೆಂಬ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲಿಯೇ ಹೆಸರೂ ಇದ್ದಿತು. ಅರಸನಾರೆಂಬ ಸಂಶಯವು ಅಂದಿಗೆ ತೀರಿತು. ಬಳಿಕ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ಹೊಳೆಯ ಆಚೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತುವು. ಆ ಅರಸನ ಸ್ವಂತ ಹೆಸರನ್ನು ಹೊತ್ತ ಈ ನಾಲ್ಕು ಊರುಗಳಲ್ಲಿ ಮೂರು ದಢೇಸುಗೂರಿನ ಸುತ್ತಿನವು. “ನಮ್ಮ ಸೀಮೆಯಲ್ಲಿ ಏನೂ ಇಲ್ಲ” ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಅಂದು ಆ ತಾಯಿ, “ರಾಜ ಏನಂತಾನ್ರಿ ಇದರಾಗ?” ಎಂದು ಕೇಳಿದಳು. ನಾನು ಅದರ ಸಾರವನ್ನು ಹೇಳಿದೆನು: ಧರ್ಮದಲ್ಲಿ ತಾನು ಮುಂದುವರಿದ ಬಗೆಯನ್ನು ಅರಸನು ತಿಳಿಸುತ್ತಾನೆ, ಅದರಿಂದ ದೊರೆಯುವ ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲೆಂದು ಯಾರೂ ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು ಎನ್ನುತ್ತಾನೆ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂದು ವಿಧಿಸುತ್ತಾನೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ನಾವು ಒಡದ ಕಲ್ಲು ಮನಿ ಆಗ್ಯಾವ, ರಸ್ತಾ ಆಗ್ಯಾವ. ಕಲ್ಲಿನಾಗ ಅಕ್ಷರ ಇರ್ತಾವಂತ ನಮಗ ಹೇಳಾವ್ರು ಯಾರೂ ಇರಲಿಲ್ಲರೀ.” ಸಣ್ಣವರಿಗೂ ಹೇಳಬೇಕೆಂದು ಅರಸನು ಬರೆಸಿ 2200 ವರುಷಗಳಾಗಿವೆ. ಆ ಬಂಡೆಯ ಸೀಮೆಯಲ್ಲಿಯೇ ಹುಟ್ಟಿದ ಈ ತಾಯಿಗೆ ಅಂದಿನವರೆಗೂ ಯಾರೂ ಹೇಳಿರಲಿಲ್ಲ.

ಮಸ್ಕಿಯ ನೆಲದಲ್ಲಿ ಅಶೋಕನಿಗಿಂತ ಹಿಂದಿನವರ ಗುರುತುಗಳೂ ಇವೆ. 1954ರಲ್ಲಿ ಪುರಾತತ್ತ್ವ ಇಲಾಖೆಯ ಬಿ. ಕೆ. ಥಾಪರರು ನಡೆಸಿದ ಉತ್ಖನನದಲ್ಲಿ ಕಲ್ಲಿನ ಆಯುಧಗಳ ಕಾಲದವರು, ಅವರ ಮೇಲೆ ಕಬ್ಬಿಣವನ್ನು ಬಲ್ಲವರು, ಅವರ ಮೇಲೆ ಇತಿಹಾಸ ಕಾಲದವರು, ಹೀಗೆ ಪದರಗಳು ಕಂಡುಬಂದುವು. ಲಿಂಗಸುಗೂರು ತಾಲ್ಲೂಕಿನಲ್ಲಿರುವ ಪಿಕ್ಲಿಹಾಳದ ಬಂಡೆಗಳ ಮೇಲೆ ದನಗಾಹಿಗಳಾಗಿದ್ದ ಆ ಪ್ರಾಚೀನರು ಬಿಡಿಸಿದ ಹೋರಿಗಳ ಚಿತ್ರಗಳಿವೆ. ಅಕ್ಷರವು ಬರುವ ಮೊದಲೂ ಜನರು ಬಂಡೆಯನ್ನೇ ಹಲಗೆಯಾಗಿ ಮಾಡಿಕೊಂಡಿದ್ದರು.

3. ಹಿರೇಬೆಣಕಲ್ಲಿನ ಹಾದಿ

ಮಸ್ಕಿಯು ಮೊದಲನೆಯ ಪಾಠವಾದರೆ ಹಿರೇಬೆಣಕಲ್ಲು ಎರಡನೆಯದು. ನಡೆದು ಅಭ್ಯಾಸವಾದವರಿಗೆ ತಕ್ಕದ್ದು. ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದೆ. ಊರಿನಿಂದ ಬೆಟ್ಟದ ಮೇಲಕ್ಕೆ ಕಾಲುಹಾದಿಯಲ್ಲಿಯೇ ಹೋಗಬೇಕು. ಬಂಡೆಗಳ ಸಂದಿನಲ್ಲಿ, ಮುಳ್ಳುಕಂಟಿಗಳ ನಡುವೆ ಏರುತ್ತ ಹೋಗಲು, ಹಾದಿಯ ಬಂಡೆಗಳ ಆಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳು ಕಾಣುತ್ತವೆ. ಕಡೆಗೆ ಮೇಲೆ ಬಯಲು ತೆರೆದುಕೊಂಡಾಗ, ಕಲ್ಲುಚಪ್ಪಡಿಗಳ ಮನೆಗಳ ಊರೊಂದು ಎದುರಾಗುತ್ತದೆ. ನಾಲ್ಕು ಚಪ್ಪಡಿ ಗೋಡೆಗೆ, ಒಂದು ಚಪ್ಪಡಿ ಸೂರಿಗೆ. ಕೆಲವುಗಳ ಗೋಡೆಯಲ್ಲಿ ದುಂಡನೆಯ ಕಿಂಡಿ. ಇವು ಮನೆಗಳಲ್ಲ, ಮಡಿದವರ ನೆನಪಿಗೆ ಕಟ್ಟಿದವು. ಸುತ್ತಣ ಜನರು ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಮೋರ್ಯರೆಂಬ ಕುಳ್ಳ ಜನರು ಇಲ್ಲಿದ್ದರೆಂದು ಅವರ ನಂಬಿಕೆ. ಹೆಸರು ಹೋಲುವುದರಿಂದ ಇವನ್ನು ಅಶೋಕನ ಮೌರ್ಯ ವಂಶಕ್ಕೆ ಸೇರಿಸಬಾರದು. ಇವು ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ವರೆಗಿನವೆಂದು ಹೇಳುತ್ತಾರೆ. ಅವುಗಳೊಳಗೆ ಅನೇಕವು ಮೌರ್ಯರಿಗಿಂತ ಹಿಂದಿನವು.

ಇಂಥ ಸುಮಾರು 400 ರಚನೆಗಳು ಅಲ್ಲಿವೆ. ಮೆಡೋಸ್ ಟೇಲರನು 1835ರಲ್ಲಿ ಇವನ್ನು ಹೊರಗಿನ ಲೋಕಕ್ಕೆ ತಿಳಿಸಿದನು. 2021ರಲ್ಲಿ ಈ ಸ್ಥಳವು ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಷ್ಟು ದೊಡ್ಡ ಚಪ್ಪಡಿಗಳನ್ನು ಅವರು ಎಲ್ಲಿಂದ ತಂದರು? ಮಸ್ಕಿಯಲ್ಲಿ ಆ ತಾಯಿಯು ತಟ್ಟಿ ತೋರಿಸಿದ ಪದರವನ್ನು ನೆನೆಯಿರಿ. ತಾನಾಗಿಯೇ ಪದರ ಬಿಡುವ ಗ್ರಾನೈಟನ್ನು ಗುರುತಿಸಿ, ಸೀಳಿಸಿ, ಎಬ್ಬಿಸಿ ನಿಲ್ಲಿಸಿದರು. ಬೆಟ್ಟದ ಮೇಲಿರುವ ಕೆರೆಯು ಅವರು ಕಲ್ಲು ತೆಗೆದ ಹಳ್ಳವೇ ಇರಬೇಕೆಂದು ವಿದ್ವಾಂಸರು ಎಣಿಸುತ್ತಾರೆ. ನಗಾರಿಯ ಆಕಾರದ ಒಂದು ದೊಡ್ಡ ಕಲ್ಲೂ ಅಲ್ಲಿದೆ, ಬಡಿದರೆ ದನಿಗೊಡುತ್ತದೆ. ಬರುವವರೆಲ್ಲರೂ ಬಡಿದರೆ ಕಲ್ಲು ಸವೆಯುವುದು. ಅದರ ದನಿಯ ವಿಷಯವನ್ನು ಕೇಳಿ ತಿಳಿದರೆ ಸಾಕು.

ಹೊಳೆಯಾಚೆಗೆ ಹೋಗಬಲ್ಲವರಿಗೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಿವೆ. ಅಲ್ಲಿ ಎಂ. ಎಸ್. ನಾಗರಾಜರಾಯರು 1960ರ ದಶಕದಲ್ಲಿ ಅಗೆದು ನವಶಿಲಾಯುಗದವರ ಗುಡಿಸಿಲುಗಳ ಗುರುತನ್ನು ತೋರಿಸಿದರು. ಇನ್ನೂ ಮುಂದೆ ಬಳ್ಳಾರಿಯ ಬಳಿಯ ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಎದ್ದ ಕಗ್ಗಲ್ಲಿನ ಸಾಲು ಇದೆ. ಆ ಕಗ್ಗಲ್ಲಿನಿಂದಲೇ ಪ್ರಾಚೀನರು ಕೊಡಲಿಗಳನ್ನು ಮಾಡುತ್ತಿದ್ದರು. ತಟ್ಟಿದರೆ ಗಂಟೆಯಂತೆ ನುಡಿಯುವ ಕಲ್ಲುಗಳೂ ಹೋರಿಗಳ ಕೆತ್ತನೆಗಳೂ ಅಲ್ಲಿವೆ. ಕಲ್ಲುಗಣಿಯು ಆ ಗುಡ್ಡದ ಅಂಗಗಳನ್ನೂ ಕಡಿದದ್ದುಂಟು.

4. ಗುಡ್ಡವನ್ನೇರುವ ನಿಯಮಗಳು

ನನ್ನ ತಪ್ಪಿನಿಂದ ನಾನು ಕಲಿತವು ಇವು. ತಾಯಂದಿರು ಇವನ್ನು ಚೆನ್ನಾಗಿ ಓದಿಕೊಂಡು, ಕರೆದೊಯ್ಯುವ ಶಿಕ್ಷಕಿಯನ್ನು ಪ್ರಶ್ನಿಸಲಿ. ಅದು ಅವರ ಹಕ್ಕು.

ಋತುವು ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ. ಸೂರ್ಯೋದಯದ ಹೊತ್ತಿಗೆ ಬುಡದಲ್ಲಿರಬೇಕು, ಹತ್ತು ಗಂಟೆಗೆ ಇಳಿಯತೊಡಗಬೇಕು. ಹೊತ್ತೇರಿದಂತೆಲ್ಲ ಬಂಡೆಯು ಕಾದ ಹಂಚಿನಂತಾಗಿ, ಮೇಲಿನ ಬಿಸಿಲಿನ ಜೊತೆಗೆ ಕೆಳಗಿನಿಂದಲೂ ಸುಡುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರು ನೀರು ಅವರವರ ಕೈಯಲ್ಲಿಯೇ ಇರಬೇಕು. ದೊಣೆಯಲ್ಲಿ ನಿಂತ ನೀರನ್ನು ಕುಡಿಯಕೂಡದು.

ಹತ್ತಿಯ ಉಡುಪು, ತಲೆಗೆ ವಸ್ತ್ರ, ಕಾಲಿಗೆ ಬಿಗಿಯಾದ ಬೂಟು, ಚಪ್ಪಲಿ ಸಲ್ಲದು. ಮೆಲ್ಲನೆ ನಡೆಯುವವಳು ಎಲ್ಲರಿಗಿಂತ ಮುಂದೆ ನಡೆಯಬೇಕು, ಆಗ ಯಾರೂ ಹಿಂದುಳಿಯುವುದಿಲ್ಲ. ಏರುವಾಗಲೂ ಇಳಿಯುವಾಗಲೂ ಎಣಿಕೆ ಮಾಡಬೇಕು. ಹೆಚ್ಚಿನ ಜಾರಾಟವು ಇಳಿಯುವಾಗಲೇ. ಪಾಚಿಯಿರುವ ಬಂಡೆಯ ಮೇಲೆ ಹೆಜ್ಜೆಯಿಡಬಾರದು. ಕಾಣದ ಸಂದಿಗೆ ಕೈ ಹಾಕಬಾರದು. ಅದು ಹಾವು ಚೇಳುಗಳ ಮನೆ. ಹೆಜ್ಜೇನು ಕಟ್ಟಿದ ಬಂಡೆಯ ಬಳಿ ಕೂಗಾಟ, ಹೊಗೆ, ಸುಗಂಧ ಯಾವುದೂ ಬೇಡ. ಗಂಗಾವತಿ ಕೊಪ್ಪಳಗಳ ಗುಡ್ಡಗಳಲ್ಲಿ ಕರಡಿ, ಚಿರತೆಗಳು ಇರುವುದರಿಂದ ಸ್ಥಳವನ್ನು ಬಲ್ಲ ಊರಿನವರೊಬ್ಬರು ಜೊತೆಗಿರಲೇಬೇಕು, ಹೊತ್ತು ಮುಳುಗುವ ಮುನ್ನ ಊರು ಸೇರಿರಬೇಕು.

ಬಂಡೆಯ ಮೇಲೆ ಹೆಸರು ಬರೆಯಕೂಡದು. ಮಡಕೆಯ ಚೂರನ್ನಾಗಲಿ ಕಲ್ಲಿನ ಆಯುಧವನ್ನಾಗಲಿ ಎತ್ತಿಕೊಂಡು ಬರಕೂಡದು. ಅದು ಬಿದ್ದಿರುವ ಜಾಗವೂ ಇತಿಹಾಸದ ಒಂದು ಅಕ್ಷರ. ಜಾಗ ತಪ್ಪಿದ ಅಕ್ಷರಕ್ಕೆ ಅರ್ಥವಿಲ್ಲ.

5. ಈ ಪಾಠವೇಕೆ?

ಮನೆಗೆ, ರಸ್ತೆಗೆ, ಕಾಲುವೆಗೆ ಕಲ್ಲು ಬೇಕು. ಕಲ್ಲು ಒಡೆಯುವವರ ಕೂಲಿಯೂ ನಡೆಯಬೇಕು. ಆದಕಾರಣ ಯಾವ ಕಲ್ಲನ್ನೂ ಮುಟ್ಟಬಾರದೆಂದು ನಾನು ಹೇಳಲಾರೆನು. ಆದರೆ ಯಾವ ಕಲ್ಲನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂಬ ವಿವೇಕವು ಓದಬಲ್ಲವರಿಗೆ ಮಾತ್ರ ಉಂಟು. ಶಾಸನವಿರುವ ಬಂಡೆಗೆ ಸರಕಾರದ ಕಾವಲಿದೆ. ಚಿತ್ರವಿರುವ, ಗೋರಿಯಿರುವ ನೂರಾರು ಬಂಡೆಗಳಿಗೆ ಸುತ್ತಣ ಹಳ್ಳಿಯ ಜನರ ಕಣ್ಣೇ ಕಾವಲು. ಆ ಕಣ್ಣುಗಳಲ್ಲಿ ಅರ್ಧ ಹೆಣ್ಣುಮಕ್ಕಳವು. ಅವನ್ನು ಮುಚ್ಚಿಡುವುದರಿಂದ ನಷ್ಟವು ಮಗುವಿಗೊಂದೇ ಅಲ್ಲ, ಗುಡ್ಡಕ್ಕೂ ಉಂಟು.

ಆ ಡಿಸೆಂಬರಿನ ಮರುವರುಷ ಒಪ್ಪಿಗೆಯ ಪತ್ರಗಳಲ್ಲಿ ಒಂದರ ಮೇಲೆ ಸಹಿಯ ಬದಲು ಹೆಬ್ಬೆಟ್ಟಿನ ಗುರುತಿತ್ತು. ಆ ತಾಯಿಯ ಎರಡನೆಯ ಮಗಳು ಎಂಟನೆಯ ತರಗತಿಗೆ ಬಂದಿದ್ದಳು. “ಈ ಸಾರಿ ನೀ ಹೇಳಿಕೊಡು ಅಂದಾಳ ಅವ್ವ” ಎಂದು ಆ ಮಗುವು ಅಕ್ಕನ ಕಡೆಗೆ ಬೆರಳು ಮಾಡಿತು. ಅಕ್ಕನು ಮಸ್ಕಿಯ ಬಂಡೆಯ ಮುಂದೆ ನಿಂತು ಗೆಳತಿಯರಿಗೆ ಅರಸನ ಮಾತಿನ ಸಾರವನ್ನು ತಪ್ಪಿಲ್ಲದೆ ಹೇಳಿದಳು. ನಾನು ಹಿಂದೆ ನಿಂತು ಕೇಳಿದೆನು.

ಪೋಷಕ ಮಹಾಶಯರೇ, ಬರುವ ಚಳಿಗಾಲದಲ್ಲಿ ಮತ್ತೆ ಪತ್ರಗಳು ನಿಮ್ಮ ಕೈ ಸೇರುವುವು. ದಯವಿಟ್ಟು ಸಹಿ ಮಾಡಿರಿ. ಸಾಧ್ಯವಾದರೆ ಜೊತೆಗೂ ಬನ್ನಿರಿ. ಹಳೆಯ ವಿದ್ಯಾರ್ಥಿನಿಯರೇ, ನನ್ನ ಆ ತಪ್ಪಿನಿಂದಾಗಿ ಗುಡ್ಡವನ್ನು ಕಾಣದೆ ಶಾಲೆ ಬಿಟ್ಟವರು ನಿಮ್ಮಲ್ಲಿ ಹಲವರಿದ್ದೀರಿ. ನಿಮಗೆ ನಾನು ಒಂದು ಪಾಠದ ಸಾಲಗಾರಳು. ನಿಮ್ಮ ಮಕ್ಕಳೊಡನೆ ಬಂದು ಆ ಸಾಲವನ್ನು ವಸೂಲು ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

1. ಬೆಲ್ಲದ ಚೌಕ ತುಂಡನ್ನು ನೀರಿನಲ್ಲಿಟ್ಟು, ಅದರ ಆಕಾರವನ್ನು ಐದೈದು ನಿಮಿಷಕ್ಕೊಮ್ಮೆ ಬಿಡಿಸಿರಿ.

2. ಹೊಳೆಯ ಒಂದು ಚಿಟಿಕೆ ಮರಳನ್ನು ಬಿಳಿಯ ಕಾಗದದ ಮೇಲೆ ಹರಡಿ, ಬೆಣಚನ್ನೂ ಕಾಗೆಬಂಗಾರವನ್ನೂ ಬೇರೆ ಮಾಡಿರಿ.

3. ನಿಮ್ಮ ಊರಿಗೆ ಹತ್ತಿರದ ಗುಡ್ಡದ ಹೆಸರೇನು? ಆ ಹೆಸರು ಬಂದ ಬಗೆಯನ್ನು ಮನೆಯ ಅಜ್ಜಿಯಿಂದ ಕೇಳಿ, ಅವಳ ಮಾತಿನಲ್ಲಿಯೇ ಬರೆದು ತನ್ನಿರಿ.

4. ನಿಮ್ಮ ಮನೆಯ ಹೊಸ್ತಿಲ ಕಲ್ಲು, ಒರಳುಕಲ್ಲುಗಳನ್ನು ಮುಟ್ಟಿ ನೋಡಿರಿ. ಅವುಗಳಲ್ಲಿ ಗ್ರಾನೈಟು ಯಾವುದು, ಕಗ್ಗಲ್ಲು ಯಾವುದು? ಗುರುತು ಹತ್ತದಿದ್ದರೆ ಕಲ್ಲು ಒಡೆಯುವವರನ್ನು ಕೇಳಿರಿ, ಅವರು ಬಲ್ಲರು.